ಚಿನ್ನದ ನಾಡಿನಲ್ಲಿ ವಿದ್ಯಾನಿಧಿ ಮತ್ತು ಜೀರ್ಣೋದ್ಧಾರ

ಜೈನಧರ್ಮದಲ್ಲಿ ದಾನಕ್ಕೆ ಇರುವ ಮಹತ್ತ್ವವು ಸರ್ವವಿದಿತವಾದುದು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕನ ನಿತ್ಯಧರ್ಮವೆಂದು ಆಚಾರ್ಯರು ಸಾರಿದ್ದಾರೆ. ಇವುಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥಗಳನ್ನು ಬರೆಯಿಸಿ ಹಂಚುವುದಷ್ಟೇ ಅಲ್ಲ. ಕಲಿಯಬಯಸುವವನಿಗೆ ಕಲಿಯುವ ಅನುಕೂಲವನ್ನು ಮಾಡಿಕೊಡುವುದೂ ಅದೇ ದಾನವಾಗಿದೆ. ಅದರಂತೆಯೇ, ಹೊಸ ಜಿನಾಲಯವನ್ನು ಕಟ್ಟಿಸುವುದಕ್ಕಿಂತ ಹಳೆಯದನ್ನು ಉದ್ಧರಿಸುವುದು ಕಿರಿದಾದ ಪುಣ್ಯವೆಂದು ನಮ್ಮ ಹಿರಿಯರು ಎಂದೂ ಭಾವಿಸಲಿಲ್ಲ. ವಿದ್ಯಾರ್ಥಿಯ ಪೋಷಣೆ ಮತ್ತು ಕಟ್ಟಡದ ಜೀರ್ಣೋದ್ಧಾರ ಎಂಬ ಈ ಎರಡು ಕಾರ್ಯಗಳು ಇಂದು ಕೋಲಾರದ ಚಿನ್ನದ ಗಣಿ ಪ್ರದೇಶದ ಮತ್ತು ಬಂಗಾರಪೇಟೆಯ ಹಳೆಯ ಶಾಲೆಗಳ ಮುಂದೆ ಒಟ್ಟಾಗಿ ನಿಂತಿವೆ. ಇವುಗಳಿಗೆ ಬೇಕಾದ ದ್ರವ್ಯವನ್ನು ಹೇಗೆ ಕೂಡಿಸಬೇಕು, ಕೂಡಿಸಿದ್ದನ್ನು ಹೇಗೆ ಉಳಿಸಬೇಕು ಎಂಬ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಉತ್ತರವಿದೆ. ಪ್ರತಿಷ್ಠಾ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತವಾಗಿದೆ.

ನೊಣಮಂಗಲದ ತಾಮ್ರಪಟಗಳು

ಬಂಗಾರಪೇಟೆಗೆ ನೆರೆಯದಾದ ಮಾಲೂರು ತಾಲ್ಲೂಕಿನಲ್ಲಿ ನೊಣಮಂಗಲವೆಂಬ ಊರಿದೆ. ಅಲ್ಲಿ ಹಾಳಾಗಿ ಮಣ್ಣುಗೂಡಿದ್ದ ಪ್ರಾಚೀನ ಬಸದಿಯ ನೆಲೆಯಲ್ಲಿ ಗಂಗರಾಜರ ತಾಮ್ರಶಾಸನಗಳು ದೊರೆತಿವೆ. ಇವು ಕರ್ನಾಟಕದ ಜೈನ ಇತಿಹಾಸದ ಅತ್ಯಂತ ಹಳೆಯ ದಾಖಲೆಗಳ ಸಾಲಿಗೆ ಸೇರಿದವು. ಮಾಧವವರ್ಮನು ಅರ್ಹದಾಯತನಕ್ಕೆ ಭೂಮಿಯನ್ನು ಕೊಟ್ಟ ಸಂಗತಿಯೂ, ಅವನ ಮಗನಾದ ಅವಿನೀತನು ತನ್ನ ಗುರುಗಳಾದ ವಿಜಯಕೀರ್ತಿಗಳ ಉಪದೇಶದಂತೆ ಉರನೂರಿನ ಅರ್ಹದಾಯತನಕ್ಕೆ ಗ್ರಾಮದಾನ ಮಾಡಿದ ಸಂಗತಿಯೂ ಇವುಗಳಲ್ಲಿವೆ.

ಇವುಗಳಲ್ಲಿ ವಣಿಜರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅವಿನೀತನ ಶಾಸನದಲ್ಲಿ ಪೇರೂರಿನ ಅರ್ಹದಾಯತನಕ್ಕೆ ಹೊರಗಿನ ಸುಂಕದ ಉತ್ಪತ್ತಿಯಲ್ಲಿ ನಾಲ್ಕನೆಯ ಒಂದು ಭಾಗವನ್ನು ಬಿಟ್ಟುಕೊಡಲಾಗಿದೆ. ವ್ಯಾಪಾರದ ಸರಕು ಊರಿನ ಎಲ್ಲೆಯನ್ನು ದಾಟುವಾಗ ಸಲ್ಲುವ ಸುಂಕದಿಂದಲೇ ಧರ್ಮಸಂಸ್ಥೆಗೆ ನಿಯತವಾದ ಪಾಲು ಸಲ್ಲುತ್ತಿತ್ತು. ರಾಜನ ಮನಸ್ಸು ಬಂದಾಗ ಕೊಡುವುದು ಬೇರೆ. ವ್ಯಾಪಾರ ನಡೆಯುವಷ್ಟು ಕಾಲವೂ ತಾನಾಗಿ ಬರುವಂತೆ ಗೊತ್ತುಮಾಡುವುದು ಬೇರೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಇದೇ ಕೋಲಾರದ ನೆಲದಲ್ಲಿ ಎರಡನೆಯ ಕ್ರಮವನ್ನು ಅನುಸರಿಸಿದ್ದರೆಂಬುದು ಹೆಮ್ಮೆಯ ವಿಷಯ.

ಆದರೆ ಆ ಬಸದಿಯು ಉಳಿಯಲಿಲ್ಲ, ತಾಮ್ರಪಟ ಮಾತ್ರ ಉಳಿಯಿತು. ದಾನಕೊಟ್ಟ ರಾಜವಂಶವು ಅಳಿದ ಮೇಲೆ ದಾನದ ಫಲವೂ ನಿಂತುಹೋಗುವುದುಂಟು ಎಂಬ ಎಚ್ಚರಿಕೆಯನ್ನೂ ನೊಣಮಂಗಲವು ಕೊಡುತ್ತದೆ.

ಬೆಳ್ಗೊಳದ ನಕರರು ಮತ್ತು ಬಡ್ಡಿಯ ಧರ್ಮ

ರಾಜಾಶ್ರಯಕ್ಕಿಂತ ದೃಢವಾದ ಏರ್ಪಾಡನ್ನು ಶ್ರವಣಬೆಳ್ಗೊಳದ ಶಾಸನಗಳಲ್ಲಿ ಕಾಣಬಹುದು. ಹೊಯ್ಸಳರ ಕಾಲದಲ್ಲಿ ಮಹಾದಂಡನಾಯಕನಾದ ಗಂಗರಾಜನು ಗಂಗವಾಡಿಯ ಜೀರ್ಣವಾದ ಬಸದಿಗಳನ್ನೆಲ್ಲ ಉದ್ಧರಿಸಿದನೆಂದು ಶಾಸನಗಳು ಕೊಂಡಾಡುತ್ತವೆ. ಹುಳ್ಳರಾಜನು 1159ರ ವೇಳೆಗೆ ಬೆಳ್ಗೊಳದಲ್ಲಿ ಭಂಡಾರ ಬಸದಿಯನ್ನು ಕಟ್ಟಿಸಿದ್ದಲ್ಲದೆ ಬಂಕಾಪುರದಲ್ಲಿ ಹಾಳಾಗಿದ್ದ ಬಸದಿಯ ಜೀರ್ಣೋದ್ಧಾರವನ್ನೂ ಮಾಡಿದನು. ಇವರು ಅಧಿಕಾರಸ್ಥರು. ಆದರೆ ದಿನದಿನದ ಧರ್ಮವನ್ನು ನಡೆಸಿಕೊಂಡು ಬಂದವರು ನಕರರು, ಎಂದರೆ ಊರಿನ ವರ್ತಕ ಸಮುದಾಯದವರು. 1195ರಲ್ಲಿ ಪಟ್ಟಣಸ್ವಾಮಿ ನಾಗದೇವನು ಕಟ್ಟಿಸಿದ ನಗರ ಜಿನಾಲಯವು ಅವರ ರಕ್ಷಣೆಯಲ್ಲಿದ್ದುದರಿಂದಲೇ ಆ ಹೆಸರನ್ನು ಪಡೆಯಿತು.

ಭಕ್ತರು ಕೆಲವೇ ಗದ್ಯಾಣಗಳನ್ನು ಅವರ ವಶಕ್ಕೆ ಒಪ್ಪಿಸುತ್ತಿದ್ದರು. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ದಿನವೂ ಇಷ್ಟು ಹಾಲು, ಪೂಜೆಗೆ ಇಷ್ಟು ಹೂವು ಸಲ್ಲಬೇಕೆಂದು ಶಾಸನ ಮಾಡಿಸುತ್ತಿದ್ದರು. ಇದೇ ಅಕ್ಷಯನಿಧಿ. ಕೊಟ್ಟವನು ಸಾಮಾನ್ಯ ಗೃಹಸ್ಥ; ಮೊತ್ತವೂ ಅಲ್ಪ; ಆದರೂ ಅವನ ಹೆಸರಿನ ಹಾಲು ಅವನು ಗತಿಸಿದ ಮೇಲೂ ಬಹುಕಾಲ ಸಲ್ಲುತ್ತಿತ್ತು. ಹಣವನ್ನು ವ್ಯಾಪಾರದಲ್ಲಿ ತೊಡಗಿಸಿ ಬಡ್ಡಿಯನ್ನು ತಪ್ಪದೆ ಸಲ್ಲಿಸುವ ಹೊಣೆ ಇಡೀ ಸಮುದಾಯದ್ದಾಗಿತ್ತು, ಒಬ್ಬ ಸೆಟ್ಟಿಯದಾಗಿರಲಿಲ್ಲ.

1368ರ ಒಪ್ಪಂದ

ಜೀರ್ಣೋದ್ಧಾರಕ್ಕಾಗಿ ನಾಡಿನ ಉದ್ದಗಲಕ್ಕೂ ವಂತಿಗೆಯೆತ್ತಿದ ಉದಾಹರಣೆಯು ವಿಜಯನಗರದ ಬುಕ್ಕರಾಯನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅವನು 1368ರಲ್ಲಿ ಬಗೆಹರಿಸಿದ ಶಾಸನವು ಶ್ರವಣಬೆಳ್ಗೊಳದಲ್ಲಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೇ ವಿಷಯದ ಶಾಸನವಿದೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ಸಾರಿದ ಮಾತನ್ನು ಎಲ್ಲರೂ ಬಲ್ಲರು. ಅದೇ ಶಾಸನದ ಹಣಕಾಸಿನ ಭಾಗವು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ರಾಜ್ಯದಲ್ಲಿರುವ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ದ್ರವ್ಯದಿಂದ ಬೆಳ್ಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು ಎಂದು ಗೊತ್ತಾಯಿತು. ಈ ಹಣದ ಹೊಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವ ಆಚಾರ್ಯನಿಗೆ ಒಪ್ಪಿಸಲಾಯಿತು. ಅನಂತರ ಈ ಧರ್ಮವನ್ನು ಮುಂದುವರಿಸಲು ಶ್ರಮಿಸಿದವನು ಕಲ್ಲೆಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿ. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಬಿರುದನ್ನಿತ್ತರು.

ಈ ಏರ್ಪಾಡಿನಲ್ಲಿ ಮೂರು ವಿವೇಕಗಳಿವೆ. ಮೊದಲನೆಯದಾಗಿ, ಶ್ರೀಮಂತನಿಗೂ ಬಡವನಿಗೂ ಒಂದೇ ಹಣ. ಆದುದರಿಂದ ಯಾರೂ ಒಡೆಯರಲ್ಲ, ಯಾರೂ ಯಾಚಕರಲ್ಲ. ಎರಡನೆಯದಾಗಿ, ಒಮ್ಮೆ ಕೊಟ್ಟು ಮರೆಯುವ ದಾನವಲ್ಲ, ವರ್ಷ ವರ್ಷವೂ ಸಲ್ಲತಕ್ಕದ್ದು. ಮೂರನೆಯದಾಗಿ, ಹಣದ ಹೊಣೆ ಹೊತ್ತವನು ಕೊಟ್ಟವರ ಮತದವನಲ್ಲ. ಕೊಡುವವರ ಮತ್ತು ಖರ್ಚುಮಾಡುವವರ ನಡುವೆ ಮೂರನೆಯವನೊಬ್ಬನ ಕಣ್ಣಿದ್ದಾಗ ಸಂಶಯಕ್ಕೆ ಎಡೆಯಿರುವುದಿಲ್ಲ. ಇಂದಿನ ಲೆಕ್ಕಪರಿಶೋಧನೆಯ ತತ್ತ್ವವೂ ಇದೇ ಆಗಿದೆ.

ವಾರಾನ್ನದಿಂದ ವಿದ್ಯಾರ್ಥಿನಿಲಯದವರೆಗೆ

ಕಟ್ಟಡಗಳ ವಿಷಯ ಇಷ್ಟಾಯಿತು. ವಿದ್ಯಾರ್ಥಿಗಳ ಪೋಷಣೆಯೂ ನಮ್ಮಲ್ಲಿ ಹೊಸತಲ್ಲ. ಬಡ ಹುಡುಗನು ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯು ಕನ್ನಡ ನಾಡಿನಲ್ಲಿ ಬಹುಕಾಲ ನಡೆದುಬಂದಿತು. ಅದರಲ್ಲಿ ಕೊಡುವವರ ಔದಾರ್ಯವಿದ್ದರೂ, ಉಣ್ಣುವವನು ದಿನವೂ ಪರರ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತಿತ್ತು.

ಈ ಸಂಕೋಚವನ್ನು ನೀಗಿಸಿದುದು ವಿದ್ಯಾರ್ಥಿನಿಲಯಗಳ ಚಳವಳಿ. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು, ಮುಂದೆ ದಕ್ಷಿಣ ಭಾರತ ಜೈನ ಸಭೆಯೆಂದು ಹೆಸರಾಗಿ, ಕೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಜೈನ ಬೋರ್ಡಿಂಗುಗಳನ್ನು ನಡೆಸಿತು. ಮುಂಬಯಿಯ ದಾನಶೂರ ಸೇಠ್ ಮಾಣಿಕಚಂದ ಹೀರಾಚಂದರು ಇಂತಹ ವಿದ್ಯಾರ್ಥಿನಿಲಯಗಳ ಸ್ಥಾಪನೆಗೆ ತಮ್ಮ ಸಂಪತ್ತನ್ನು ವಿನಿಯೋಗಿಸಿದರು.

ಕೊಲ್ಲಾಪುರದ ಬೋರ್ಡಿಂಗಿನಲ್ಲಿದ್ದು ಓದಿದ ಹುಡುಗರಲ್ಲಿ ಭಾವೂರಾವ್ ಪಾಟೀಲರೊಬ್ಬರು. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಜನಿಸಿದ ಅವರ ಪೂರ್ವಜರು ಮೂಡಬಿದಿರೆಯ ಕಡೆಯವರು. ಅವರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಸಾತಾರಾದಲ್ಲಿ ಎಲ್ಲ ಜಾತಿಯ ಬಡ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಿದ್ಯಾರ್ಥಿನಿಲಯವನ್ನು ನಡೆಸಿದರು. 1927ರಲ್ಲಿ ಮಹಾತ್ಮಾ ಗಾಂಧಿಯವರೇ ಅದರ ನಾಮಕರಣವನ್ನು ನೆರವೇರಿಸಿದರು. ಅಲ್ಲಿ ಹುಡುಗರು ದುಡಿದು ಓದುತ್ತಿದ್ದರು. ಮನೆಮನೆಯಿಂದ ಮುಷ್ಟಿ ಧಾನ್ಯವನ್ನು ಕೂಡಿಸಲಾಗುತ್ತಿತ್ತು. ಕೈಯಲ್ಲಿ ಏನೂ ಇಲ್ಲದ ದಿನ ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಮಂಗಳಸೂತ್ರವನ್ನೇ ಮಕ್ಕಳ ಅನ್ನಕ್ಕಾಗಿ ಕೊಟ್ಟರು. ಜೈನ ಬೋರ್ಡಿಂಗಿನಲ್ಲಿ ಆಶ್ರಯ ಪಡೆದ ಒಬ್ಬ ಬಾಲಕನು ಲಕ್ಷಾಂತರ ಜೈನೇತರ ಮಕ್ಕಳಿಗೆ ಆಶ್ರಯವಾದನೆಂದರೆ, ವಿದ್ಯಾರ್ಥಿವೇತನದ ಫಲ ಎಲ್ಲಿಯವರೆಗೆ ಹರಿಯುವುದೆಂಬುದನ್ನು ಊಹಿಸಬಹುದು.

ನಮ್ಮ ನಾಡಿನಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಆರಂಭಿಸಿದುದೂ ಇದೇ ಪರಂಪರೆಯ ಮುಂದುವರಿಕೆ.

ಗಣಿಯ ನೆರಳಿನಲ್ಲಿ ಬೆಳೆದ ಶಾಲೆಗಳು

ಈಗ ಕೋಲಾರದ ನೆಲಕ್ಕೆ ಮರಳೋಣ. 1864ರಲ್ಲಿ ಬೆಂಗಳೂರು ಮತ್ತು ಜೋಲಾರಪೇಟೆಗಳ ನಡುವೆ ರೈಲು ಓಡತೊಡಗಿದ ಮೇಲೆ, ಮೈಸೂರಿನ ಕಮಿಷನರ್ ಬೌರಿಂಗರ ಹೆಸರಿನ ಬೌರಿಂಗ್‌ಪೇಟೆಯು ಬೆಳೆಯಿತು. ಅದೇ ಇಂದಿನ ಬಂಗಾರಪೇಟೆ. 1875ರಲ್ಲಿ ಮೈಕೇಲ್ ಲೆವೆಲ್ ಎಂಬಾತನು ಚಿನ್ನದ ಶೋಧನೆಗೆ ಪರವಾನಗಿ ಪಡೆದನು. 1880ರಿಂದ ಜಾನ್ ಟೇಲರ್ ಕಂಪನಿಯವರು ಗಣಿಗಾರಿಕೆಗೆ ಕೈಹಾಕಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ರೈಲು ಕವಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬೆಳಗಿದುದು ಇಲ್ಲಿಯ ಯಂತ್ರಗಳನ್ನು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳಲ್ಲಿ ಅತ್ಯಂತ ಆಳವಾದುದು ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಯಿತು.

ಚಿನ್ನವನ್ನು ತೆಗೆದವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ದಲಿತ ಕಾರ್ಮಿಕರು. ಕಂಪನಿಯು ಮನೆ ಕೊಟ್ಟಿತು, ಆಸ್ಪತ್ರೆ ಕಟ್ಟಿಸಿತು, ಬೇತಮಂಗಲದ ಕೆರೆಯಿಂದ ನೀರು ತರಿಸಿತು. ಶಾಲೆಗಳೂ ಈ ಆಶ್ರಯದಲ್ಲಿಯೇ ಬೆಳೆದವು. ತಾರ್ಬ್‌ನ ಸಂತ ಜೋಸೆಫರ ಸಭೆಯ ಕ್ರೈಸ್ತ ಸಹೋದರಿಯರು ಚಾಂಪಿಯನ್ ರೀಫ್ಸಿನಲ್ಲಿ ಕಾನ್ವೆಂಟ್ ಶಾಲೆಯನ್ನು ನಡೆಸಿದರು. ಮಾರಿಕುಪ್ಪದಲ್ಲಿ ಪಂಡಿತ ಅಯೋಧ್ಯಾದಾಸರ ಪ್ರಭಾವಕ್ಕೆ ಒಳಗಾದವರು ಬೌದ್ಧ ಸಂಘವನ್ನು ಕಟ್ಟಿ, ಚಾಂಪಿಯನ್ ರೀಫ್ಸಿನಲ್ಲಿ ಪುಸ್ತಕ ಪ್ರಕಟಣೆಯ ಸಂಸ್ಥೆಯನ್ನು ನಡೆಸಿ ತಮ್ಮವರಲ್ಲಿ ಓದಿನ ಹಸಿವನ್ನು ಹುಟ್ಟಿಸಿದರು. ರೆಸಿಡೆಂಟ್ ರಾಬರ್ಟ್‌ಸನ್ನರ ಹೆಸರಿನ ರಾಬರ್ಟ್‌ಸನ್‌ಪೇಟೆಯು ವರ್ತಕರ ಪೇಟೆಯಾಯಿತು. ಅಲ್ಲಿ ನೆಲಸಿದವರಲ್ಲಿ ಜೈನ ವರ್ತಕರೂ ಇದ್ದರು. ಸುಮತಿ ಜೈನ್ ಪ್ರೌಢಶಾಲೆಯೂ ಭಗವಾನ್ ಮಹಾವೀರ ಜೈನ್ ಕಾಲೇಜೂ ಈ ಚಿನ್ನದ ನಾಡಿನಲ್ಲಿ ನಮ್ಮ ಸಮಾಜದ ಹೆಸರನ್ನು ವಿದ್ಯೆಯೊಂದಿಗೆ ಜೋಡಿಸಿವೆ. ಇಂತಹ ಶಾಲೆಗಳ ಬೆಂಚುಗಳಲ್ಲಿ ಸೆಟ್ಟಿಯ ಮಗನೂ ಸುರಂಗಕ್ಕೆ ಇಳಿಯುವವನ ಮಗನೂ ಒಟ್ಟಿಗೆ ಕುಳಿತರು.

ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನವನ್ನಿತ್ತ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು.

ಅಂದು ನಿಂತುದು ಗಣಿಯೊಂದೇ ಅಲ್ಲ. ವೇತನವು ನಿಂತೊಡನೆ ಶಾಲೆಯ ಶುಲ್ಕ ನಿಂತಿತು. ಅಂಗಡಿಯ ಲೇವಾದೇವಿ ಕುಗ್ಗಿತು. ಕಂಪನಿಯ ಕಡೆಯಿಂದ ನಡೆಯುತ್ತಿದ್ದ ದುರಸ್ತಿಗಳೂ ನಿಂತವು. ದುಡಿಯುವ ಕೈಗಳು ಮುಂಜಾನೆಯ ರೈಲುಗಳಲ್ಲಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗತೊಡಗಿದವು. ನೊಣಮಂಗಲದ ಬಸದಿಗೆ ಗಂಗರ ಪತನದಿಂದ ಏನಾಯಿತೋ ಅದೇ ಕೋಲಾರದ ಶಾಲೆಗಳಿಗೆ ಗಣಿಯ ಪತನದಿಂದ ಆಗುವ ಸಂಭವವಿತ್ತು. ಒಬ್ಬನೇ ಆಶ್ರಯದಾತನನ್ನು ನಂಬಿದ ಸಂಸ್ಥೆಯು ಅವನೊಡನೆಯೇ ಕುಸಿಯುವುದೆಂಬುದು ಎರಡರ ಪಾಠವೂ ಹೌದು.

ಎರಡು ಕೊರತೆಗಳು

ಈ ಪ್ರದೇಶದ ಹಳೆಯ ಶಾಲಾಕಟ್ಟಡಗಳು ಸುಣ್ಣದ ಗಾರೆ, ಕಲ್ಲು, ಮಂಗಳೂರು ಹೆಂಚು, ತೇಗದ ತೊಲೆಗಳ ಕಾಲದವು. ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ನೆಲ ನಡುಗಿ ಮೇಲಿನ ಕಟ್ಟಡಗಳ ಗೋಡೆಗಳು ಬಿರಿದದ್ದುಂಟು. ಇಂತಹ ಗೋಡೆಗೆ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವವು ಹೊರಬರಲಾರದೆ ಸುಣ್ಣದ ಗಾರೆ ಸಡಿಲವಾಗುತ್ತದೆ. ಮೊದಲು ಸೂರಿನ ಹೆಂಚು, ಆಮೇಲೆ ಮಳೆನೀರಿನ ಹರಿವು, ಅನಂತರ ಸುಣ್ಣದ ಗಾರೆ, ಕಡೆಗೆ ಬಣ್ಣ ಎಂಬುದೇ ಜೀರ್ಣೋದ್ಧಾರದ ಕ್ರಮ. ಹೆಚ್ಚಿನ ದಾನಗಳು ಕಣ್ಣಿಗೆ ಕಾಣುವ ಬಣ್ಣಕ್ಕೆ ಬರುತ್ತವೆ. ಕಾಣದ ಹೆಂಚಿಗೆ ಬರುವುದಿಲ್ಲ.

ವಿದ್ಯಾರ್ಥಿವೇತನದ ಸಂಕಷ್ಟ ಇನ್ನೂ ಸೂಕ್ಷ್ಮವಾದುದು. ಕಟ್ಟಡಕ್ಕೆ ಕೊಟ್ಟವನ ಹೆಸರು ಅಮೃತಶಿಲೆಯಲ್ಲಿ ನಿಲ್ಲುತ್ತದೆ. ಬಡ ಹುಡುಗಿಯ ಶುಲ್ಕ ಕೊಟ್ಟವನ ಹೆಸರು ರಸೀದಿಯಲ್ಲಿ ಮುಗಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ಬಡ ಮಕ್ಕಳಿಗೆ ಗೊತ್ತುಮಾಡಿತಾದರೂ, ಕರ್ನಾಟಕದಲ್ಲಿ 2019ರಲ್ಲಿ ನಿಯಮವು ಬದಲಾಗಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವೆಡೆ ಆ ಅವಕಾಶವು ಬಹಳ ಕುಗ್ಗಿತು. ಆ ಭಾರವು ಸಮಾಜದ ಮೇಲೆಯೇ ಬಿದ್ದಿತು. ಸೂರು ಸೋರುವಾಗ ವಿದ್ಯಾರ್ಥಿವೇತನದ ಹಣವನ್ನು ಹೆಂಚಿಗೆ ಹಾಕುವ ಆಸೆಯಾಗುವುದು ಸಹಜ. ಮಕ್ಕಳು ಶಾಲೆ ಬಿಡುವಾಗ ಹೆಂಚಿನ ಹಣವನ್ನು ಶುಲ್ಕಕ್ಕೆ ಹಾಕುವ ಆಸೆಯಾಗುವುದೂ ಸಹಜ. ಎರಡಕ್ಕೂ ಒಂದೇ ಪೆಟ್ಟಿಗೆಯಿದ್ದರೆ ಎರಡೂ ಕೆಡುತ್ತವೆ.

ಇದಕ್ಕೆ ಬೆಳ್ಗೊಳದ ಲೆಕ್ಕವೇ ಮದ್ದು. ಉದಾಹರಣೆಗಾಗಿ, ಹತ್ತು ಲಕ್ಷ ರೂಪಾಯಿಗಳ ಮೂಲನಿಧಿಗೆ ಶೇಕಡ 7ರಂತೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಬರುವುದೆನ್ನೋಣ. ತಲಾ 10,000ದಂತೆ ಏಳು ಮಕ್ಕಳಿಗೆ ಹಂಚಬಹುದು. ಆದರೆ ವಿವೇಕಿಯು ಐದು ಮಕ್ಕಳಿಗೆ ಕೊಟ್ಟು 20,000ವನ್ನು ಮೂಲಕ್ಕೇ ಸೇರಿಸುವನು. ಏಕೆಂದರೆ ಬೆಲೆಗಳು ಏರುತ್ತಿರುವಾಗ ಬೆಳೆಯದ ನಿಧಿಯು ಕರಗುತ್ತಿರುವ ನಿಧಿಯೇ ಸರಿ. ಜೀರ್ಣೋದ್ಧಾರಕ್ಕೆ 1368ರ ಲೆಕ್ಕವು ಮದ್ದು. ಐನೂರು ಮನೆಗಳವರು ತಿಂಗಳಿಗೆ ನೂರೇ ರೂಪಾಯಿ ಕೊಟ್ಟರೂ ವರ್ಷಕ್ಕೆ ಆರು ಲಕ್ಷವಾಗುತ್ತದೆ. ಒಂದೊಂದು ವರ್ಷ ಒಂದೊಂದು ಕೊಠಡಿಯ ಸೂರು ಸರಿಯಾದರೆ ಕೆಲವೇ ವರ್ಷಗಳಲ್ಲಿ ಇಡೀ ಶಾಲೆ ನೇರ್ಪಡುವುದು. ಈ ಶಾಲೆಗಳಲ್ಲಿ ಓದಿ ಬೆಂಗಳೂರು, ಚೆನ್ನೈಗಳಲ್ಲಿಯೂ ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿಯೂ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಈ ಐನೂರರಲ್ಲಿ ಸೇರಬಾರದೆಂಬ ನಿಯಮವೇನೂ ಇಲ್ಲ.

ದೇವದ್ರವ್ಯ ಮತ್ತು ವಿದ್ಯಾದ್ರವ್ಯ

ಇಲ್ಲಿ ಶ್ರಾವಕರ ಮನಸ್ಸಿನಲ್ಲಿ ಒಂದು ಶಂಕೆ ಏಳುವುದು ನ್ಯಾಯವೇ ಆಗಿದೆ. ದೇವರಿಗೆಂದು ಅರ್ಪಿಸಿದ ದ್ರವ್ಯವನ್ನು ಅನ್ಯ ಕಾರ್ಯಕ್ಕೆ ತಿರುಗಿಸುವುದು ದೋಷವೆಂಬುದು ನಮ್ಮ ಸಂಪ್ರದಾಯ. ಅದನ್ನು ಮೀರಬೇಕಾಗಿಲ್ಲ. ಅದೇ ಸಂಪ್ರದಾಯವು ಜ್ಞಾನದ್ರವ್ಯವೆಂಬ ಪ್ರತ್ಯೇಕ ಖಾತೆಯನ್ನೂ ಹೇಳಿದೆ. ದಾನಕ್ಕೆ ಯೋಗ್ಯವಾದ ಸಪ್ತಕ್ಷೇತ್ರಗಳಲ್ಲಿ ಜಿನಬಿಂಬ, ಜಿನಮಂದಿರಗಳೊಂದಿಗೆ ಶ್ರಾವಕ ಶ್ರಾವಿಕೆಯರನ್ನೂ ಎಣಿಸಿದೆ. ಆದುದರಿಂದ ದೇವದ್ರವ್ಯವನ್ನು ಮುಟ್ಟದೆ, ಕೊಡುವವನ ಸಂಕಲ್ಪವನ್ನೇ ಮೊದಲಿಗೆ ಕೇಳಿ, ವಿದ್ಯಾನಿಧಿಗೆಂದು ಬೇರೆಯೇ ಖಾತೆಯನ್ನು ತೆರೆಯುವುದು ಧರ್ಮಸಮ್ಮತವಾದ ದಾರಿ. ಪ್ರತಿಷ್ಠೆಯ ಕಾಲದಲ್ಲಿ ಕಲಶಕ್ಕೆ ಸವಾಲು ಕೂಗುವ ಕುಟುಂಬವು ಅದೇ ದಿನ ಒಂದು ಮಗುವಿನ ಒಂದು ವರ್ಷದ ಓದಿಗೆ ಬೇರೆಯಾಗಿ ಸಂಕಲ್ಪ ಮಾಡಿದರೆ ಕಲಶದ ಶೋಭೆಗೆ ಕುಂದು ಬರುವುದಿಲ್ಲ.

ನೆರವು ಪಡೆಯುವ ಮಗುವು ಜೈನ ಕುಲದ್ದೇ ಆಗಿರಬೇಕೆಂಬ ವಾದಕ್ಕೂ ಇತಿಹಾಸವೇ ಉತ್ತರ ಕೊಡುತ್ತದೆ. ಜಿನಾಲಯದ ಸುಣ್ಣದ ಹಣವನ್ನು ವೈಷ್ಣವ ತಾತಯ್ಯನು ಕಾಯ್ದನು. ಜೈನ ಭಾವೂರಾಯರು ಎಲ್ಲರ ಮಕ್ಕಳಿಗೂ ಅನ್ನವಿಟ್ಟರು. ಗಣಿಯ ಕಾರ್ಮಿಕನು ಕೊಂಡ ಅಕ್ಕಿ, ಬಟ್ಟೆ, ಬೆಳ್ಳಿಯಿಂದಲೇ ರಾಬರ್ಟ್‌ಸನ್‌ಪೇಟೆಯ ಮತ್ತು ಬಂಗಾರಪೇಟೆಯ ಅಂಗಡಿಗಳು ಮೂರು ತಲೆಮಾರು ಬಾಳಿದವು. ಅವನ ಮೊಮ್ಮಗಳ ಶಾಲೆಯ ಶುಲ್ಕವನ್ನು ಕೊಡುವುದು ದಾನವೆನ್ನುವುದಕ್ಕಿಂತ ಋಣವಿಮೋಚನೆಯೆನ್ನುವುದೇ ಸರಿ.

ಉಪಸಂಹಾರ

ನೊಣಮಂಗಲದ ನಿಯತ ಪಾಲು, ಬೆಳ್ಗೊಳದ ಮುಟ್ಟದ ಮೂಲಧನ, 1368ರ ಮನೆಗೊಂದು ಹಣ, ಸಾತಾರಾದ ಮುಷ್ಟಿ ಧಾನ್ಯ ಇವು ನಾಲ್ಕೂ ಒಂದೇ ತತ್ತ್ವವನ್ನು ಸಾರುತ್ತವೆ. ದೊಡ್ಡ ದಾನಿಯು ಕಟ್ಟಡವನ್ನು ಎಬ್ಬಿಸಬಲ್ಲನು. ಅದನ್ನು ನಿಲ್ಲಿಸಬಲ್ಲವರು ಸಣ್ಣ ದಾನಿಗಳ ಸಮೂಹ ಮಾತ್ರ. ಚಿನ್ನವು ತೀರಿತು, ಗಣಿಯು ಮುಚ್ಚಿತು. ಶಾಲೆಯ ಗಂಟೆಯು ಇನ್ನೂ ಬಾರಿಸುತ್ತಿದೆ. ಅದು ನಿಲ್ಲದಂತೆ ನೋಡಿಕೊಳ್ಳುವ ಹೊಣೆಯು ಹಿಂದಿನ ನಕರರ ವಾರಸುದಾರರಾದ ಇಂದಿನ ವರ್ತಕ ಸಮಾಜದ ಮೇಲಿದೆ. ಪ್ರತಿಷ್ಠಾ ಮಹೋತ್ಸವಕ್ಕೆ ಬಂದ ಭವ್ಯಜನರು ಮರಳಿ ಹೋಗುವಾಗ ತಮ್ಮ ಊರಿನ ಹಳೆಯ ಶಾಲೆಯೊಂದರ ಸೂರನ್ನೂ, ಆ ಸೂರಿನ ಕೆಳಗೆ ಕುಳಿತ ಒಂದು ಮಗುವನ್ನೂ ನೆನೆಯುವಂತಾಗಲಿ.

ಭದ್ರಮಸ್ತು.